ಪೊರೆ ತೆಗೆಯುವುದಲ್ಲ, ಪೊರೆ ಹಾಕುವುದು! ಓದುಗರ ಕಣ್ಣಿನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಐದು ವರ್ಷದ ಮೊಮ್ಮಗ ನನ್ನ ಚಂಚಿಯಲ್ಲಿದ್ದ ಸುಣ್ಣದ ಪಾಕೀಟು ತೆಗೆದು ಹಿಚುಕಿದ, ಸಿಡಿದು ಬಲಗಣ್ಣಿಗೆ ಬಿತ್ತು. ಈಗ ಕರಿಗುಡ್ಡೆ ಮೇಲೆ ಬೆಳ್ಳಗೆ ಪದರ ಬಂದಿದೆ, ಕೆಂಪು ನರಗಳೂ ಹಬ್ಬಿವೆ. ದಾನದ ಕಣ್ಣು ಹಾಕಿಸಿ ಎಂದು ಊರವರು ಹೇಳುತ್ತಾರೆ. ಡಾಕ್ಟರು ಅದು ಈಗ ಬೇಡ, ಒಳ್ಳೆ ಕಣ್ಣಿನಿಂದ ಚೂರು ತೆಗೆದು ಪೊರೆ ಹಚ್ಚಿ ಸರಿ ಮಾಡೋಣ ಎನ್ನುತ್ತಾರೆ. ಪೊರೆ ತೆಗೆಯುವುದು ಕೇಳಿದ್ದೇನೆ, ಇದೇನು ಹಾಕುವುದು? ಇದ್ದೊಂದು ಒಳ್ಳೆ ಕಣ್ಣಿಗೂ ಕತ್ತರಿ ಹಾಕಿಸಬೇಕಾ?
— ಒಬ್ಬ ಅಜ್ಜ, ಗದಗ ಜಿಲ್ಲೆ

ಉತ್ತರ: ಅಜ್ಜಾರೇ, ನಿಮ್ಮ ಡಾಕ್ಟರು ಹೇಳಿದ್ದು ಸರಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಪದರ ಇದೆ, ಅದೇ ಕಾರ್ನಿಯಾ. ದಪ್ಪ ಅಂದರೆ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲಿನ ತೆಳು ಚರ್ಮ ದಿನಾ ಸವೆಯುತ್ತದೆ, ವಾರ ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಹೊಸದು ಎಲ್ಲಿಂದ ಬರುತ್ತದೆ? ಕರಿಗುಡ್ಡೆ ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚಿನಿಂದ. ಅದಕ್ಕೆ ಲಿಂಬಸ್ ಅನ್ನುತ್ತಾರೆ. ಈ ಕಣ್ಣಿನ ಹೊಲಕ್ಕೆ ಬೀಜ ಇರುವುದು ನಡುವೆ ಅಲ್ಲ, ಬದುವಿನಲ್ಲಿ. ಆ ಬೀಜಗಳೇ ಸ್ಟೆಮ್ ಸೆಲ್. ಸುಣ್ಣ ಆ ಬದುವನ್ನೇ ಸುಟ್ಟಿದೆ. ಬದು ಕಾಯುವವರಿಲ್ಲದೆ ಬಿಳಿಗುಡ್ಡೆಯ ಚರ್ಮ, ರಕ್ತನಾಳ ಎಲ್ಲ ಒಳಗೆ ನುಗ್ಗಿವೆ. ನೀವು ನೋಡುತ್ತಿರುವ ಬಿಳಿ ಪದರ, ಕೆಂಪು ನರ ಅದೇ.

ಈಗ ದಾನದ ಕಣ್ಣಿನ ಮಾತು. ದಾನದಲ್ಲಿ ಬರುವುದು ಕಾರ್ನಿಯಾ ಎಂಬ ಗಾಜು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿಂದ ನಾಲ್ಕು ಜನರಿಗೆ ದೃಷ್ಟಿ ಬಂತಲ್ವಾ, ಅದು ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ ಎಂದು ಸೀಳಿ ಹಾಕಿದ್ದರಿಂದ. ಅಂಥ ಗಾಜನ್ನು ನಿಮ್ಮ ಮೊಮ್ಮಗನಿಗೂ ಹಾಕಬಹುದು. ಆದರೆ ಮೇಲೆ ಚರ್ಮ ಬೆಳೆಸುವ ಬೀಜ ಅವನ ಕಣ್ಣಲ್ಲೇ ಇಲ್ಲದಿದ್ದರೆ ಹೊಸ ಗಾಜೂ ಕೆಲವು ತಿಂಗಳಲ್ಲಿ ಮಸುಕಾಗುತ್ತದೆ. ಮೊದಲು ಬದು ಕಟ್ಟಬೇಕು. ಒಳಗಿನ ಗಾಜೂ ಕಲೆಯಾಗಿದ್ದರೆ ಕಾರ್ನಿಯಾ ಆಮೇಲೆ.

ಒಳ್ಳೆ ಕಣ್ಣಿನ ಭಯ ನನಗೆ ಅರ್ಥವಾಗುತ್ತದೆ. ತೆಗೆಯುವುದು ಸುಮಾರು ಎರಡು ಮಿಲಿಮೀಟರ್ ಅಗಲದ ಚೂರು, ಜೋಳದ ಕಾಳಿಗಿಂತ ಚಿಕ್ಕದು. ಆ ಜಾಗ ತಾನೇ ಮಾಯುತ್ತದೆ. 1997ರಲ್ಲಿ ಇಟಲಿಯವರು ಇಂಥ ಚೂರನ್ನು ಲ್ಯಾಬಿನಲ್ಲಿ ಹಾಳೆಯಂತೆ ಬೆಳೆಸಿ ಕಣ್ಣಿಗೆ ಹಾಕಿದ್ದರು. ಅದಕ್ಕೆ ಖರ್ಚು ಬಹಳ, ಅಂಥ ಲ್ಯಾಬ್ ಎಲ್ಲ ಕಡೆ ಸಿಗಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 2012ರಲ್ಲಿ ಸುಲಭದ ದಾರಿ ತೋರಿಸಿದರು. ಲ್ಯಾಬೇ ಬೇಡ, ಚೂರನ್ನು ಎಂಟು ಹತ್ತು ತುಣುಕು ಮಾಡಿ ಸುಟ್ಟ ಕಣ್ಣಿನ ಮೇಲೇ ಬಿತ್ತುವುದು. ಸ್ಲೆಟ್ ಎಂದು ಇದರ ಹೆಸರು. ನನಗಂತೂ ಇದು ಅಪ್ಪಟ ರೈತನ ಬುದ್ಧಿ ಅನಿಸುತ್ತದೆ.

ಬಿತ್ತುವ ಮೊದಲು ನೆಲ ಹದ ಮಾಡಬೇಕಲ್ಲ, ಅಲ್ಲಿ ಬರುತ್ತದೆ ನೀವು ಕೇಳಿದ ಪೊರೆ. ಇದು ವಯಸ್ಸಾದವರಿಗೆ ಬರುವ ಪೊರೆ ಅಲ್ಲ. ಹೆರಿಗೆಯಲ್ಲಿ ಮಾಸಿನ ಜೊತೆ ಬರುವ, ಕೂಸನ್ನು ಸುತ್ತಿಕೊಂಡಿರುವ ತೆಳು ಪೊರೆ. ಸಿಸೇರಿಯನ್ ಆದ ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಕಾಮಾಲೆ ಇಲ್ಲ ಎಂದು ಅವಳ ರಕ್ತ ಪರೀಕ್ಷಿಸಿ, ತೊಳೆದು ಇಟ್ಟಿರುತ್ತಾರೆ. ಅದು ಉರಿ ಕಡಿಮೆ ಮಾಡುತ್ತದೆ, ಕಲೆ ಕಟ್ಟುವುದನ್ನು ತಡೆಯುತ್ತದೆ, ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ನಾವು ಹೂಳುತ್ತಿದ್ದ ವಸ್ತು, ನೋಡಿ.

ನೂರಕ್ಕೆ ನೂರು ಯಶಸ್ಸು ಎಂದು ನಾನು ಹೇಳಲಾರೆ. ಕಣ್ಣಿನ ಉರಿ, ಕೆಂಪು ಇಳಿದ ಮೇಲೇ ಮಾಡುತ್ತಾರೆ. ಆದರೆ ಸುಮ್ನೆ ವರ್ಷಗಟ್ಟಲೆ ಕಾಯಬೇಡಿ. ಏಳೆಂಟು ವರ್ಷದೊಳಗಿನ ಮಗುವಿನ ಒಂದು ಕಣ್ಣು ಮಂಜಾಗಿಯೇ ಇದ್ದರೆ ಮೆದುಳು ಆ ಕಣ್ಣನ್ನೇ ಕೈಬಿಡುತ್ತದೆ. ಆಮೇಲೆ ಗಾಜು ಎಷ್ಟು ಸ್ವಚ್ಛ ಆದರೂ ನೋಟ ಪೂರ್ತಿ ಬರುವುದು ಕಷ್ಟ.

ಎಲೆ ಅಡಿಕೆ ತಿನ್ನುವ ಬೇರೆಯವರಿಗೂ ಒಂದು ಮಾತು. ಸುಣ್ಣ ಆಸಿಡ್‌ಗಿಂತ ಕೆಟ್ಟದ್ದು, ಕಣ್ಣೊಳಗೆ ಇಳಿಯುತ್ತಲೇ ಹೋಗುತ್ತದೆ. ಬಿದ್ದ ಕ್ಷಣ ನಲ್ಲಿಯದೋ ಕೊಡದ್ದೋ, ಕೈಗೆ ಸಿಕ್ಕ ಸ್ವಚ್ಛ ನೀರು ಅರ್ಧ ತಾಸು ಬಿಡದೆ ಹಾಕಿ. ತುಪ್ಪ, ಔಡಲೆಣ್ಣೆ, ಎದೆಹಾಲು ಬೇಡ. ತೊಳೆದ ಮೇಲೆ ನಿಲ್ಲಬೇಡಿ, ಆಸ್ಪತ್ರೆಗೆ ಓಡಿ, ಮೇಲಿನ ರೆಪ್ಪೆ ಮಗುಚಿ ಅಲ್ಲಿ ಕೂತ ಸುಣ್ಣದ ಚೂರು ತೆಗೆಸಬೇಕು.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತೇನೆ. ಮೂಗಿನ ಕಡೆಯಿಂದ ಕಣ್ಣಿನ ಮೇಲೆ ಮಾಂಸ ಬೆಳೆದಿತ್ತು, ಆಪರೇಷನ್ ಮಾಡಿಸಿದೆ. ವರ್ಷದೊಳಗೆ ಮತ್ತೆ ಬಂತು. ಖಾರದ ಘಾಟಿಗೆ ಹೀಗಾ?
— ಹಾವೇರಿ ಜಿಲ್ಲೆಯ ಓದುಗ

ಉತ್ತರ: ಘಾಟು ಕಣ್ಣು ಉರಿಸುತ್ತದೆ, ನಿಜ. ಆದರೆ ಇದರ ದೊಡ್ಡ ಕಾರಣ ಬಿಸಿಲು, ಜೊತೆಗೆ ಧೂಳು. ಬರೀ ಮಾಂಸ ಕತ್ತರಿಸಿ ಆ ಜಾಗ ಖಾಲಿ ಬಿಟ್ಟರೆ ಮತ್ತೆ ಬೆಳೆಯುವುದು ಜಾಸ್ತಿ. ನಿಮಗೆ ಹಿಂದೆ ಹಾಗೆ ಮಾಡಿದ್ದರೋ ಏನೋ, ಚೀಟಿ ನೋಡಬೇಕು. ಈ ಸಲ ನಿಮ್ಮದೇ ಕಣ್ಣಿನ ಮೇಲಿನ ರೆಪ್ಪೆಯ ಅಡಿಯಿಂದ ತೆಳು ಚರ್ಮ ತೆಗೆದು ಅಲ್ಲಿ ಅಂಟಿಸುತ್ತೀರಾ ಎಂದು ಮೊದಲೇ ಕೇಳಿ. ಔಷಧದ ಗಮ್‌ನಿಂದ ಅಂಟಿಸುತ್ತಾರೆ, ಕೆಲವರು ಅಲ್ಲೇ ಒಸರುವ ರಕ್ತದಿಂದಲೇ. ಆಮೇಲೆ ಟೋಪಿ, ಕಪ್ಪು ಕನ್ನಡಕ. ಹಮಾಲರು ನಗುತ್ತಾರೆ, ನಗಲಿ ಬಿಡಿ.

ಪ್ರಶ್ನೆ: ಜ್ವರಕ್ಕೆ ತೆಗೆದುಕೊಂಡ ಮಾತ್ರೆಗೆ ಮೈಯೆಲ್ಲ ಬೊಬ್ಬೆ ಬಂದು ತಂಗಿಯ ಎರಡೂ ಕಣ್ಣು ಒಣಗಿ ಮಸುಕಾಗಿವೆ. ತುಟಿಯ ಚರ್ಮ ತೆಗೆದು ಕಣ್ಣಿಗೆ ಹೊಲಿಯುತ್ತೇವೆ ಎಂದಿದ್ದಾರೆ. ನಿಜಾನಾ?
— ಧಾರವಾಡದ ಅಕ್ಕ

ಉತ್ತರ: ನಿಜ. ಎರಡೂ ಕಣ್ಣು ಹೋದರೆ ಬೀಜ ತೆಗೆಯಲು ಒಳ್ಳೆ ಕಣ್ಣೇ ಇರುವುದಿಲ್ಲ. ಅದಕ್ಕೇ ಬಾಯಿ. ಕೆನ್ನೆಯೊಳಗಿನ ಚರ್ಮವನ್ನು ಲ್ಯಾಬಲ್ಲಿ ಬೆಳೆಸಿ ಕಾರ್ನಿಯಾದ ಮೇಲೆ ಹೊದಿಸಬಹುದು ಎಂದು 2004ರಲ್ಲಿ ಜಪಾನಿನವರು ತೋರಿಸಿದ್ದಾರೆ. ನಿಮ್ಮ ತಂಗಿಗೆ ಹೇಳಿರುವುದು ಬಹುಶಃ ಬೇರೆ. ಈ ಕಾಯಿಲೆಯಲ್ಲಿ ರೆಪ್ಪೆಯ ಒಳಅಂಚು ಒರಟಾಗಿ, ಮಿಟುಕಿಸಿದಾಗಲೆಲ್ಲ ಮರಳು ಕಾಗದದಂತೆ ಕಾರ್ನಿಯಾವನ್ನು ತಿಕ್ಕುತ್ತದೆ. ತುಟಿಯೊಳಗಿನ ನುಣ್ಣನೆ ಚರ್ಮವನ್ನು ಆ ಅಂಚಿಗೆ ಹೊಲಿದರೆ ತಿಕ್ಕುವುದು ನಿಲ್ಲುತ್ತದೆ. ನೋಟ ಒಮ್ಮೆಲೇ ಹೊಳೆಯುವುದಿಲ್ಲ, ಇದ್ದದ್ದು ಉಳಿಯುತ್ತದೆ. ತಡ ಮಾಡಬೇಡಿ. ಇನ್ನೊಂದು, ಆ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದು ಅವಳ ಪರ್ಸಿನಲ್ಲಿ ಇಡಿ. ಯಾವ ಡಾಕ್ಟರ ಹತ್ತಿರ ಹೋದರೂ, ನೆಗಡಿಗೆ ಹೋದರೂ ಸರಿ, ಮೊದಲು ಆ ಚೀಟಿ ತೋರಿಸಲಿ.