ಬಡಾವಣೆಯ ಕವಿಗಳಿಗೆ ಶಾಲು ಹೊದಿಸಬೇಕಾ?

'ನಮ್ಮ ಬಡಾವಣೆಯಲ್ಲಿ ಕವನ ಬರೆಯುವವರು ಹತ್ತು ಹನ್ನೆರಡು ಜನ ಇದ್ದಾರೆ, ಒಂದು ಬಳಗ ಕಟ್ಟಿ ವರ್ಷಕ್ಕೊಂದು ಪ್ರಶಸ್ತಿ ಇಡೋಣ ಅಂತಿದ್ದೇವೆ, ಹೇಗೆ ಶುರು ಮಾಡೋದು?' ಅಂತ ಕೇಳಿದ್ದೀರಿ. ಪ್ರಶಸ್ತಿ ಸದ್ಯಕ್ಕೆ ಪಕ್ಕಕ್ಕಿರಲಿ. ಆ ದುಡ್ಡಲ್ಲಿ ಜೆರಾಕ್ಸ್ ಮಾಡಿಸಿ. ಯಾಕೆ ಅಂತ ಹೇಳುತ್ತೇನೆ.

ಹನುಮಂತನಗರದಲ್ಲಿ ನಾವೊಂದು ಸಣ್ಣ ಬಳಗ ನಡೆಸುತ್ತಿದ್ದೇವೆ, ಒಂಬತ್ತು ವರ್ಷವಾಯ್ತು. ನಾವೂ ಸನ್ಮಾನದಿಂದಲೇ ಶುರು ಮಾಡಿದವರು. ಮೊದಲ ಕವಿಗೋಷ್ಠಿಗೆ 38 ಕವಿಗಳು. ತಲೆಗೆ ಎರಡು ನಿಮಿಷ. ಮುಖ್ಯ ಅತಿಥಿ ಬಂದಿದ್ದು ಒಂದು ಗಂಟೆ ತಡವಾಗಿ. ಓದಿದವರು ಪ್ರಮಾಣಪತ್ರ ತೊಗೊಂಡು, ಫೋಟೋ ತೆಗೆಸಿಕೊಂಡು, ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕೊನೆಯಲ್ಲಿ ಪಿಯುಸಿ ಓದುವ ಒಂದು ಹುಡುಗಿ ಉಳಿದಿತ್ತು. ಅವಳು ಓದುವಾಗ ಎದುರಿಗಿದ್ದಿದ್ದು ನಾವು ಮೂವರು ಸಂಘಟಕರು, ಖಾಲಿ ಕುರ್ಚಿಗಳು, ವೈರು ಸುತ್ತುತ್ತಿದ್ದ ಮೈಕಿನವನು. ಅವಳಿಗೂ ಶಾಲು ಹೊದಿಸಿದೆವು. ಮತ್ತೆ ಯಾವತ್ತೂ ಅವಳು ಬರಲಿಲ್ಲ. ಅದು ನಮ್ಮ ತಪ್ಪೇ.

ಆಮೇಲೆ ಎಲ್ಲಾ ಬದಲಾಯಿಸಿದೆವು. ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ, ಯಾರದಾದರೂ ಮನೆಯ ಹಾಲಿನಲ್ಲಿ. ನಾಲ್ಕು ಕವನ ಮಾತ್ರ, ಎರಡು ಗಂಟೆ. ಕವನದ ಪ್ರತಿ ಎಲ್ಲರ ಕೈಯಲ್ಲೂ ಇರುತ್ತದೆ, ಮೇಲೆ ಹೆಸರು ಇರುವುದಿಲ್ಲ. ಇನ್ನೊಂದು ಕಟ್ಟುನಿಟ್ಟು ಇದೆ: ಬರೆದವರು ಓದುವಂತಿಲ್ಲ, ಬೇರೆ ಯಾರಾದರೂ ಜೋರಾಗಿ ಓದಬೇಕು. ಬರೆದವರು ಸುಮ್ನೆ ಕೂತು ಕೇಳಬೇಕು. ಇದಕ್ಕೆ ಮೊದಲು ಜಗಳವೇ ಆಯಿತು ಬಿಡಿ. 'ನನ್ನ ಭಾವ ಅವರಿಗೆಲ್ಲಿ ಬರಬೇಕು' ಅಂತ ಇಬ್ಬರು ಬಳಗವನ್ನೇ ಬಿಟ್ಟರು.

ಇದರಿಂದ ಏನಾಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಒಬ್ಬರಿದ್ದಾರೆ. ಮಳೆಯಲ್ಲಿ ಬಸ್ ಕಾಯುವ ಹೆಂಗಸಿನ ಮೇಲೆ ಕವನ ತಂದಿದ್ದರು. ನಮ್ಮ ನಿವೃತ್ತ ಮೇಡಂ ಓದಿದರು. 'ಸೂರಡಿ ನಿಂತೇ ನೆನೆದಳು' ಅಂತ ಒಂದು ಸಾಲು ಬಂತು. ಅಲ್ಲಿ ಉಸಿರಿಗೆ ಅಂತ ಅವರು ಒಂದು ಕ್ಷಣ ನಿಂತರು. ಹಾಲಿನಲ್ಲಿದ್ದವರೆಲ್ಲ 'ಆಹಾ' ಅಂದರು. ಸೂರಿನಡಿ ನಿಂತವಳು ನೆನೆಯುವುದು ಹೇಗೆ? ಒದ್ದೆಯಾದಳೋ, ಯಾರನ್ನೋ ನೆನೆಸಿಕೊಂಡಳೋ? ಎರಡೂ ಹೌದು, ಅಲ್ವಾ? ಅಷ್ಟರಲ್ಲಿ ಮೇಡಂ ಮುಂದಿನ ಸಾಲು ಓದಿದರು: 'ಊರನ್ನು, ತೌರನ್ನು, ಬಾವಿಕಟ್ಟೆಯನ್ನು.' ಪುಸ್ ಅಂತ ಗಾಳಿ ಹೋಯಿತು. ಅಂಗಡಿಯವರು ಯಾರೂ ಏನೂ ಹೇಳುವ ಮೊದಲೇ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಬರೆದವರು ಯಾರು ಅಂತ ನಮಗೆ ಗೊತ್ತಾಗಿದ್ದೂ ಆಗಲೇ. ಕಾಫಿ ಕುಡಿಯುವಾಗ, 'ಅದಕ್ಕೆ ಎರಡು ಅರ್ಥ ಆಗುತ್ತೆ ಅಂತ ಬರೆಯುವಾಗ ಹೊಳೆದೇ ಇರಲಿಲ್ಲ ಸಾರ್' ಅಂದರು. ಯಾರ ಭಾಷಣವೂ ಅವರಿಗೆ ಇದನ್ನು ಕಲಿಸುತ್ತಿರಲಿಲ್ಲ.

ಕವಿಗಳನ್ನು ಬೆಳೆಸುವುದು ಹೇಗೆ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಮಾದರಿಗಳಿವೆ. ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಚಿ. ಶ್ರೀನಿವಾಸರಾಜು ಅವರನ್ನೇ ನೋಡಿ. ಅಲ್ಲಿನ ಕನ್ನಡ ಸಂಘದಿಂದ ಕಾಲೇಜು ಹುಡುಗರಿಗೆ ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ನಡೆಸಿದರು. ಅಲ್ಲಿಗೇ ನಿಲ್ಲಿಸದೆ, ಆರಿಸಿದ ಕವನಗಳ ಪುಸ್ತಕವನ್ನೂ ಮಾಡಿದರು. ಸಂಘದಿಂದ ನೂರಾರು ಪುಸ್ತಕ ಬಂದವು. ಅವನ್ನು ತಮ್ಮ ಚೀಲದಲ್ಲಿಟ್ಟುಕೊಂಡು ತಾವೇ ಮಾರುತ್ತಿದ್ದರು. ಬಹುಮಾನದ ದುಡ್ಡು ಖರ್ಚಾಗಿ ಹೋಗುತ್ತದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅಚ್ಚಿನಲ್ಲಿ ತನ್ನ ಹೆಸರು ಕಾಣುವುದು, ಅದನ್ನು ಗುರುತಿಲ್ಲದವರು ಕೊಂಡು ಓದುವುದು ಬೇರೆಯೇ ವಿಷಯ.

ಸನ್ಮಾನದ ದುಡ್ಡಿನ ಮಾತು ಬಂದಿದ್ದಕ್ಕೆ ಇನ್ನೊಂದು. 1970ರಲ್ಲಿ ಡಿ.ವಿ.ಜಿ. ಅವರನ್ನು ಸನ್ಮಾನಿಸಿ 1 ಲಕ್ಷ ರೂಪಾಯಿ ಕೊಟ್ಟರು. ಅವರು ಅಷ್ಟನ್ನೂ ತಾವೇ 1945ರಲ್ಲಿ ಕಟ್ಟಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಬುಲ್ ಟೆಂಪಲ್ ರಸ್ತೆಯಲ್ಲಿದೆ, ನಿಮ್ಮ ಬಳಗದವರನ್ನು ಒಂದು ಸಂಜೆ ಅಲ್ಲಿನ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿ.

ಒಂದು ಎಚ್ಚರಿಕೆ. ನಿಮ್ಮ ಕವಿಗಳಿಗೆ ಫೋನ್ ಬರಲು ಶುರುವಾಗುತ್ತದೆ. 'ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಳಿಸಿ.' ನಮ್ಮ ಮೇಡಂ ಹೀಗೇ 2,500 ರೂಪಾಯಿ ಕಟ್ಟಿ ಬಂದರು. ಪೇಟ ತಲೆಗಿಟ್ಟು, ಫೋಟೋ ತೆಗೆದು, ಅದೇ ಪೇಟವನ್ನು ಮುಂದಿನವರ ತಲೆಗೆ ಇಟ್ಟರಂತೆ! ದುಡ್ಡು ಕೇಳುವ ಪ್ರಶಸ್ತಿ ಪ್ರಶಸ್ತಿಯಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಪುಸ್ತಕ ತರುವ ಹಂತಕ್ಕೆ ಬಂದ ಚಿಕ್ಕ ವಯಸ್ಸಿನವರಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಅರ್ಜಿ ಕರೆದಾಗ ಹಾಕಿಸಿ.

ಹಾಗಾದರೆ ಸಂಭ್ರಮ ಬೇಡವಾ? ಬೇಕು. ನಾವು ವರ್ಷಕ್ಕೆ ಒಬ್ಬರನ್ನು ಆರಿಸಿಕೊಳ್ಳುತ್ತೇವೆ. ಆ ಭಾನುವಾರ ಪೂರ್ತಿ ಅವರದೇ ಕವನ. ಬಳಗದ ಒಬ್ಬೊಬ್ಬರೂ ತಮಗೆ ಹಿಡಿಸಿದ ಒಂದೊಂದನ್ನು ಬಾಯಿಪಾಠ ಮಾಡಿಕೊಂಡು ಬಂದು ಹೇಳಬೇಕು. ಚೀಟಿ ನೋಡುವಂತಿಲ್ಲ. ಹೋದ ವರ್ಷ ಅಂಗಡಿಯವರ ಸರದಿ. ಮಳೆಯ ಕವನವನ್ನು ಹೇಳಿದ್ದು ಅವರ ಅಂಗಡಿಯಲ್ಲೇ ಕೆಲಸಕ್ಕಿರುವ ಹುಡುಗ. ಅವನು ಬಳಗದವನೂ ಅಲ್ಲ. 'ಸೂರಡಿ ನಿಂತೇ ನೆನೆದಳು' ಅಂದು ಸರಿಯಾಗಿ ಅಲ್ಲಿಗೇ ನಿಲ್ಲಿಸಿದ. ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತಿದ್ದರು.

ಮೊದಲ ತಿಂಗಳು ನಾಲ್ಕೇ ಜನ ಬಂದರೂ ನಡೆಸಿ. ಕಾಫಿ ಮಾತ್ರ ಕವನ ಮುಗಿದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಇಬ್ಬರು ಕುಡಿದು ಹೊರಡುತ್ತಾರೆ.