ನಡೆದವರು ಜನ, ಸರಿ. ಜಡ್ಜ್ ಏನು ಮಾಡಿದರು?

"ಕಳೆದ ಸಂಚಿಕೆಯಲ್ಲಿ ಅಮೆರಿಕದ ಮಾಂಟ್ಗೊಮರಿ ಬಸ್ ಬಹಿಷ್ಕಾರದ ಬಗ್ಗೆ ಬರೆಯುತ್ತಾ ಜಡ್ಜ್ ಫ್ರಾಂಕ್ ಜಾನ್ಸನ್ ಅವರನ್ನು ಬಹಳ ಹೊಗಳಿದ್ದೀರಿ. ಆತ ಸಣ್ಣ ಊರಿನ ವಕೀಲ. ಪಕ್ಷದ ಚುನಾವಣಾ ಕೆಲಸ ಮಾಡಿದ್ದಕ್ಕೆ ಪದವಿ ಸಿಕ್ಕಿತು. ಬಸ್ಸಿನಲ್ಲಿ ಬಣ್ಣದ ಮೇಲೆ ಸೀಟು ಹಂಚುವುದನ್ನು ವಿರೋಧಿಸಿ, ಬಸ್ ಹತ್ತದೆ ಒಂದು ವರ್ಷಕ್ಕೂ ಮೇಲೆ ಕಾಲ್ನಡಿಗೆಯಲ್ಲಿ ಸವೆದವರು ಕಪ್ಪು ಜನ. ಅವರ ಕೀರ್ತಿಯನ್ನು ಜಡ್ಜ್ ತಲೆಗೆ ಕಟ್ಟುವುದು ಸರಿಯೇ? ಮೂವತ್ತು ವರ್ಷ ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿದವನಾಗಿ ಕೇಳುತ್ತಿದ್ದೇನೆ."
— ಓದುಗರೊಬ್ಬರು, ಅರಸೀಕೆರೆ

ಮಾನ್ಯರೇ,

ಪದವಿ ಸಿಕ್ಕಿದ ಬಗೆಯ ಬಗ್ಗೆ ನೀವು ಹೇಳಿದ್ದು ನಿಜ. 1952ರ ಚುನಾವಣೆಯಲ್ಲಿ ಅಲಬಾಮಾ ರಾಜ್ಯದ (ಮಾಂಟ್ಗೊಮರಿ ಇರುವುದು ಅಲ್ಲೇ) ಮಾಜಿ ಸೈನಿಕರನ್ನು ಅಧ್ಯಕ್ಷ ಅಭ್ಯರ್ಥಿ ಐಸೆನ್‌ಹೋವರ್ ಪರವಾಗಿ ಒಗ್ಗೂಡಿಸಿದವರಲ್ಲಿ ಜಾನ್ಸನ್ ಪ್ರಮುಖರು. ಮರುವರ್ಷ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆದರು, 1955ರಲ್ಲಿ 37ನೇ ವಯಸ್ಸಿಗೆ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿನ ಜಡ್ಜ್. ಅದಕ್ಕೆ ಮೊದಲು ಜಾಸ್ಪರ್ ಎಂಬ ಗಣಿ ಸೀಮೆಯ ಊರಿನಲ್ಲಿ ಏಳು ವರ್ಷದ ವಕೀಲಿ, ಅಷ್ಟೇ.

ಆದರೆ ಆ ಸಣ್ಣ ಊರನ್ನು ನಾವು ಅಷ್ಟು ಸುಲಭಕ್ಕೆ ಬದಿಗಿಡಬಾರದು. ಜಾನ್ಸನ್ ಹುಟ್ಟಿದ್ದು 1918ರಲ್ಲಿ, ಉತ್ತರ ಅಲಬಾಮಾದ ಗುಡ್ಡಗಾಡು ವಿನ್‌ಸ್ಟನ್ ಕೌಂಟಿಯಲ್ಲಿ. ಹತ್ತಿಯ ದೊಡ್ಡ ತೋಟಗಳಿಲ್ಲದ, ಗುಲಾಮರೂ ಬಹಳ ಕಡಿಮೆಯಿದ್ದ ಬಡ ರೈತರ ಸೀಮೆ ಅದು. 1861ರಲ್ಲಿ ಅಲಬಾಮಾ ಒಕ್ಕೂಟದಿಂದ ಸಿಡಿದು ಹೊರಟಾಗ ಅಲ್ಲಿನ ಜನ ಒಪ್ಪಲಿಲ್ಲ. ಸುತ್ತಲಿನ ಇಡೀ ರಾಜ್ಯ ಒಂದು ಕಡೆ ನಿಂತಾಗ ಇನ್ನೊಂದು ಕಡೆ ನಿಲ್ಲುವುದು ಆ ಊರಿನವರಿಗೆ ಹೊಸದಲ್ಲ. ಪ್ರಾಸಿಕ್ಯೂಟರ್ ಆಗಿದ್ದಾಗ ಅವರು ನಡೆಸಿದ ಒಂದು ಕೇಸು ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ: ಜೈಲಿನಲ್ಲಿದ್ದ ಕಪ್ಪು ಜನರ ದಂಡ ಕಟ್ಟಿ ಬಿಡಿಸಿ ತಂದು, ಆ ಸಾಲದ ಹೆಸರಲ್ಲಿ ಹೊಲದಲ್ಲಿ ಹೊಡೆದು ಬಡಿದು ದುಡಿಸಿಕೊಂಡ ಬಿಳಿಯ ಜಮೀನುದಾರರಿಗೆ ಅವರು 1954ರಲ್ಲಿ ಶಿಕ್ಷೆ ಕೊಡಿಸಿದರು. ನಮ್ಮಲ್ಲಿ ಅದಕ್ಕೆ ಜೀತ ಎನ್ನುತ್ತೇವೆ.

ಇನ್ನು ಬಸ್ಸಿನ ಕೇಸು. ಜಾನ್ಸನ್ ಮಾಂಟ್ಗೊಮರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ವಾರಕ್ಕೆ, 1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಬಹಿಷ್ಕಾರ ಶುರುವಾದದ್ದು ಅದರಿಂದ. 1956ರ ಮೇ 11ರಂದು ಮೂವರು ಜಡ್ಜ್‌ಗಳ ಪೀಠದ ಮುಂದೆ ವಿಚಾರಣೆ. ಜೂನ್‌ನಲ್ಲಿ ತೀರ್ಪು, ಎರಡಕ್ಕೆ ಒಂದು. ರಿಚರ್ಡ್ ರೈವ್ಸ್ ಮತ್ತು ಜಾನ್ಸನ್ ಬಸ್ಸಿನಲ್ಲಿ ಬಣ್ಣದ ಮೇಲೆ ಸೀಟು ಹಂಚುವ ಕಾನೂನನ್ನು ಹೊಡೆದುಹಾಕಿದರು. ಸೀಬರ್ನ್ ಲಿನ್ ಒಪ್ಪಲಿಲ್ಲ. ಅವರ ವಾದವನ್ನು ವಕೀಲರಾದ ನೀವು ತಳ್ಳಿಹಾಕಲಾರಿರಿ: 1896ರ ಸುಪ್ರೀಂ ಕೋರ್ಟ್ ತೀರ್ಪು ಪ್ರತ್ಯೇಕ ಸೀಟುಗಳನ್ನು ಒಪ್ಪಿದೆ, ಬಣ್ಣದ ಪ್ರತ್ಯೇಕತೆಯನ್ನು ಹೊಡೆದುಹಾಕಿದ 1954ರ ತೀರ್ಪು ಶಾಲೆಗಳಿಗೆ ಮಾತ್ರ ಸಂಬಂಧಿಸಿದ್ದು, ಹಳೆಯದನ್ನು ರದ್ದು ಮಾಡುವುದು ಸುಪ್ರೀಂ ಕೋರ್ಟಿನ ಕೆಲಸ, ನಮ್ಮದಲ್ಲ. ಕಾಯ್ದು ಕೂರಲು ಅದಕ್ಕಿಂತ ಸುರಕ್ಷಿತ ಕಾರಣ ಬೇಕೆ? ಜಾನ್ಸನ್ ಕಾಯಲಿಲ್ಲ. ನಾನು ಹೊಗಳಿದ್ದು ಇದನ್ನೇ. ಆ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಬಹಿಷ್ಕಾರ ಶುರುವಾದ 381 ದಿನಗಳ ನಂತರ ಜನ ಮತ್ತೆ ಬಸ್ ಹತ್ತಿದರು.

ಜಾನ್ಸನ್ ತಪ್ಪೇ ಮಾಡದ ಮನುಷ್ಯ ಎಂದು ನಾನು ಹೇಳುವುದಿಲ್ಲ. ಟಸ್ಕೀಗೀ ಊರಿನ ಚೌಕಾಕಾರದ ಗಡಿಯನ್ನು 28 ಅಂಚುಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿ, ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನರನ್ನು ಬಿಟ್ಟು ಉಳಿದವರನ್ನೆಲ್ಲ ಊರಾಚೆ ಹಾಕಿದಾಗ, ಗಡಿ ಎಳೆಯುವ ವಿಷಯದಲ್ಲಿ ಕೋರ್ಟಿಗೆ ಅಧಿಕಾರವಿಲ್ಲ ಎಂದು ದಾವೆಯನ್ನು ವಜಾ ಮಾಡಿದವರು ಇದೇ ಜಾನ್ಸನ್. ಬಸ್ಸಿನ ಕೇಸಿನಲ್ಲಿ ಲಿನ್ ನಿಂತಿದ್ದ ಜಾಗದಲ್ಲಿ ಈ ಸಲ ಅವರೇ ನಿಂತಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರ್ವಾನುಮತದಿಂದ ತಿರುಗಿಸಿತು. 1965ರಲ್ಲೂ ಹಾಗೆ: ಮತದ ಹಕ್ಕು ಕೇಳಿ ಮಾಂಟ್ಗೊಮರಿಗೆ ಮೆರವಣಿಗೆ ಹೊರಟ ಜನರನ್ನು ಸೆಲ್ಮಾ ಊರಿನ ಸೇತುವೆಯ ಮೇಲೆ ಪೊಲೀಸರು ಬಡಿದ ಎರಡು ದಿನಗಳ ನಂತರ, ವಿಚಾರಣೆ ಮುಗಿಯುವವರೆಗೆ ಮೆರವಣಿಗೆ ಬೇಡ ಎಂದು ತಡೆಯಾಜ್ಞೆ ಕೊಟ್ಟರು. ನೊಂದವರಿಗೆ ಅದು ಇನ್ನೊಂದು ಪೆಟ್ಟು. ಆಮೇಲೆ ಸಾಕ್ಷಿಗಳನ್ನು ಕೇಳಿ, ಹೊಡೆತದ ಚಿತ್ರೀಕರಣವನ್ನು ಕೋರ್ಟಿನಲ್ಲೇ ನೋಡಿ, ಮಾರ್ಚ್ 17ರಂದು ಮಾಂಟ್ಗೊಮರಿವರೆಗೆ ನಡೆಯಲು ಅಪ್ಪಣೆ ಕೊಟ್ಟರು. ಪ್ರತಿಭಟಿಸುವ ಹಕ್ಕು ಆದ ಅನ್ಯಾಯದಷ್ಟೇ ದೊಡ್ಡದಾಗಿರಬೇಕು ಎಂಬುದು ಆ ಆದೇಶದ ತಿರುಳು. ರಸ್ತೆ ಕಿರಿದಾದ ಕಡೆ 300 ಜನರಿಗಿಂತ ಹೆಚ್ಚಿರಬಾರದು ಎಂದೂ ಅದರಲ್ಲಿತ್ತು. ದೊಡ್ಡ ತತ್ವದ ಪಕ್ಕದಲ್ಲೇ ಡಾಂಬರಿನ ಅಗಲದ ಲೆಕ್ಕ! ಇದು ನಾಲ್ಕು ಜನರ ಜಗಳ ಬಿಡಿಸಿ ಗೊತ್ತಿರುವ ಸಣ್ಣ ಊರಿನ ವಕೀಲನ ಕೈ ಎಂದೇ ನನಗೆ ಅನ್ನಿಸುತ್ತದೆ.

ಆ ಮೆರವಣಿಗೆಯನ್ನು ತಡೆಯಲು ನಿಂತ ಗವರ್ನರ್ ಜಾರ್ಜ್ ವಾಲೆಸ್, ಜಾನ್ಸನ್ ಜೊತೆ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು. ಅವರೂ ಜಡ್ಜ್ ಆಗಿದ್ದವರೇ, ಆದರೆ ರಾಜ್ಯದ ಕೋರ್ಟಿನಲ್ಲಿ. ಅಲ್ಲಿ ರಾಜ್ಯದ ಜಡ್ಜ್‌ಗಳು ಓಟಿನಿಂದ ಆರಿಸಿ ಬರುತ್ತಾರೆ. ಫೆಡರಲ್ ಜಡ್ಜ್ ಅಧ್ಯಕ್ಷರ ನೇಮಕ, ಸೆನೆಟ್ ಒಪ್ಪಿಗೆ, ಜೀವನಪರ್ಯಂತ ಹುದ್ದೆ. ಓಟು ಕೇಳಬೇಕಿಲ್ಲ ಎಂದ ಮೇಲೆ ಧೈರ್ಯವೇನು ಮಹಾ ಎನ್ನಬಹುದು ನೀವು. ಹುದ್ದೆ ಹೋಗುವುದಿಲ್ಲ, ನಿಜ. ಆದರೆ ಬದುಕಬೇಕಾದದ್ದು ಅದೇ ಊರಿನಲ್ಲಿ. ಮನೆಯ ಅಂಗಳದಲ್ಲಿ ಶಿಲುಬೆ ಸುಟ್ಟರು. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು. ಮಗನ ಹೆಸರೂ ತಂದೆಯ ಹೆಸರೂ ಒಂದೇ ಆಗಿದ್ದರಿಂದ, ಬಾಂಬ್ ಇಟ್ಟವರಿಗೆ ಮನೆ ತಪ್ಪಿತು ಎಂದು ಹೇಳುತ್ತಾರೆ. ಮುದುಕಿಗೆ ಪೆಟ್ಟಾಗಲಿಲ್ಲ, ಅದು ಪುಣ್ಯ.

1971ರ ನಂತರ ರಾಜ್ಯದ ಮಾನಸಿಕ ಆಸ್ಪತ್ರೆಗಳ, ಆಮೇಲೆ ಜೈಲುಗಳ ದುಸ್ಥಿತಿಯ ಮೇಲೆ ಅವರು ಕೊಟ್ಟ ತೀರ್ಪುಗಳಿಗೆ ಬೇರೆಯದೇ ಲೇಖನ ಬೇಕು. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು, 1999ರಲ್ಲಿ ತೀರಿಕೊಂಡರು.

ಈಗ ನಿಮ್ಮ ಮುಖ್ಯ ಆಕ್ಷೇಪಣೆ. ಅದು ನ್ಯಾಯವಾದದ್ದು. ಜಡ್ಜ್ ತಾನಾಗಿ ತೀರ್ಪು ಕೊಡಲಾರ, ಯಾರಾದರೂ ಕಟಕಟೆಗೆ ಬರಬೇಕು. ಬಸ್ಸಿನ ಕೇಸಿನಲ್ಲಿ ರೋಸಾ ಪಾರ್ಕ್ಸ್ ವಾದಿಯಾಗಿರಲಿಲ್ಲ. ವಾದಿಗಳು ನಾಲ್ವರು ಹೆಂಗಸರು. ಅವರಲ್ಲೊಬ್ಬಳು ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಕೂತು, ಹದಿನೈದನೇ ವಯಸ್ಸಿನಲ್ಲಿ ಬಂಧನಕ್ಕೊಳಗಾದ ಶಾಲಾ ಹುಡುಗಿ. ನಗರಸಭೆಯ ವಕೀಲರ ಪಾಟೀಸವಾಲಿಗೆ ಅವಳು ಅಂದು ಜಾನ್ಸನ್ ಎದುರಿಗೇ ಉತ್ತರ ಕೊಟ್ಟಳು. ನಮ್ಮ ಲೇಖನದಲ್ಲಿ ಜಡ್ಜ್ ಹೆಸರು ಹಲವು ಸಲ ಬಂತು, ಈ ಹೆಸರುಗಳು ಒಮ್ಮೆಯೂ ಬರಲಿಲ್ಲ. ತಪ್ಪು ನನ್ನದು. ಇಲ್ಲಿ ಹಾಕುತ್ತಿದ್ದೇನೆ: ಔರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಆ ಹುಡುಗಿ, ಕ್ಲಾಡೆಟ್ ಕಾಲ್ವಿನ್.

— ಸಂಪಾದಕ