ದ್ರಾಕ್ಷಿ ವಿನೆಗರ್ ಹುಳಿಸಲು ಯಾವ ಪಾತ್ರೆ? ಬೆಲೆ ಆಮೇಲೆ, ಬಾಯಿ ಮೊದಲು

ದ್ರಾಕ್ಷಿ ಕಟಾವು ಶುರುವಾದರೆ ಸಾಕು, ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಪ್ರತಿ ವರ್ಷ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಹಣ್ಣು ತೊಳೆಯುವುದು, ಹಿಂಡುವುದು, ಈಸ್ಟ್ ಹಾಕುವುದು ಇಲ್ಲಿ ಬರುವುದಿಲ್ಲ. ಅಷ್ಟು ತಿಳಿಯದವರು ಪಾತ್ರೆ ಕೊಳ್ಳಲು ಇನ್ನೂ ಪೇಟೆಗೆ ಹೋಗಬಾರದು.

ಪ್ರಶ್ನೆ: ಸರ್, ತಿಕೋಟಾ ಹತ್ತಿರ ನಮ್ಮದು ಎರಡು ಎಕರೆ ಥಾಮ್ಸನ್ ದ್ರಾಕ್ಷಿ. ಕಟಾವು ಮುಗಿದ ಮೇಲೆ ಉದುರಿದ ಹಣ್ಣು ಬಹಳ ಉಳಿಯುತ್ತದೆ. ಮನೆಮಟ್ಟಿಗೆ ವಿನೆಗರ್ ಮಾಡಬೇಕೆಂದಿದ್ದೇವೆ. ಆನ್‌ಲೈನ್‌ನಲ್ಲಿ ಸ್ಟೀಲ್ ಫರ್ಮೆಂಟರ್ ಎಂಟು ಸಾವಿರಕ್ಕೂ ಮೇಲಿದೆ. ಮನೆಯಲ್ಲಿ ತಾಮ್ರದ ಹಂಡೆ, ಹಾಲಿನ ಹಳೇ ಅಲ್ಯೂಮಿನಿಯಂ ಕ್ಯಾನ್, ನೀಲಿ ಡ್ರಮ್, ಪೇಂಟಿನ ಬಕೆಟ್ ಇವೆ. ಇವುಗಳಲ್ಲಿ ಯಾವುದಾದರೂ ನಡೆದೀತೇ? ಇಲ್ಲದಿದ್ದರೆ ಕಡಿಮೆ ಖರ್ಚಿನಲ್ಲಿ ಏನು ಕೊಳ್ಳಲಿ?

ನಾಲ್ಕರಲ್ಲಿ ಒಂದೂ ನಡೆಯುವುದಿಲ್ಲ. ಎಂಟು ಸಾವಿರದ್ದೂ ಬೇಡ.

ಮೊದಲು ತಾಮ್ರ. ದ್ರಾಕ್ಷಿ ರಸವೇ ಹುಳಿ, ವಿನೆಗರ್ ಅದಕ್ಕಿಂತ ಹುಳಿ. ಹುಳಿ ಲೋಹವನ್ನು ತಿನ್ನುತ್ತದೆ. ತಾಮ್ರದ ಹಂಡೆಯಲ್ಲಿ ರಸವನ್ನು ಕೆಲವು ದಿನ ಬಿಟ್ಟು ಬಗ್ಗಿ ನೋಡಿ. ರಸ ನಿಂತಷ್ಟು ಭಾಗ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಾಗೆ ಕೆಂಪಗೆ ಹೊಳೆಯುತ್ತಿರುತ್ತದೆ, ಅದರ ಮೇಲಂಚಿಗೆ ಹಸಿರು ಕಿಲುಬಿನ ಗೆರೆ ಕಟ್ಟಿರುತ್ತದೆ. ಆ ಹೊಳಪು ಬಂದದ್ದು ತಾಮ್ರ ಕರಗಿ ರಸಕ್ಕೆ ಇಳಿದದ್ದರಿಂದ. ಅದನ್ನು ಕುಡಿದರೆ ವಾಂತಿ, ಹೊಟ್ಟೆನೋವು ಖಂಡಿತ. "ಅಜ್ಜನ ಕಾಲದಿಂದ ತಾಮ್ರದ ನೀರು ಕುಡಿದಿದ್ದೇವೆ" ಎಂದು ವಾದಿಸುವವರಿದ್ದಾರೆ. ಅಜ್ಜ ಕುಡಿದದ್ದು ನೀರು. ಕಲಾಯಿ ಹಾಕಿಸಿದರೂ ತಿಂಗಳುಗಟ್ಟಲೆ ಹುಳಿ ನಿಲ್ಲುವ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಎಲ್ಲೋ ಒಂದು ಕಡೆ ಕಲಾಯಿ ಸವೆದಿರುತ್ತದೆ, ನಿಮಗೆ ಕಾಣುವುದಿಲ್ಲ. ಹಿತ್ತಾಳೆಗೂ ಅಲ್ಯೂಮಿನಿಯಂಗೂ ಇದೇ ಮಾತು.

ನೀಲಿ ಡ್ರಮ್ಮಿನ ವಿಷಯ ಇನ್ನೂ ಕೆಟ್ಟದ್ದು. ಆ ಪ್ಲಾಸ್ಟಿಕ್ಕಿನಲ್ಲಿ ದೋಷವಿಲ್ಲ, ಹೆಚ್ಚಿನವು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವೇ. ಆದರೆ ಗುಜರಿಯಿಂದ ಬಂದ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಬಣ್ಣದ ಕೆಮಿಕಲ್ಲೇ, ಕೀಟನಾಶಕವೇ, ಆ್ಯಸಿಡ್ಡೇ? ಮಾರಿದವನಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಒಮ್ಮೆ ಹೀರಿಕೊಂಡದ್ದನ್ನು ಸೋಪಿನ ನೀರು ಹೊರಗೆ ಎಳೆಯುವುದಿಲ್ಲ, ಹುಳಿ ಮತ್ತು ಮದ್ಯಾರ್ಕ (ಆಲ್ಕೋಹಾಲ್) ಎಳೆಯುತ್ತವೆ. ನಿಮ್ಮದು ತೋಟದ ಮನೆ. ಆ ಡ್ರಮ್ಮಿನಲ್ಲಿ ಒಂದು ಸಲವಾದರೂ ಔಷಧಿ ಕಲಸಿರುತ್ತೀರಿ. ಪೇಂಟಿನ ಬಕೆಟ್ಟೂ ಅಷ್ಟೇ, ಎಷ್ಟು ತೊಳೆದರೂ ತಿನ್ನುವ ಪದಾರ್ಥಕ್ಕೆ ಆಗುವುದಿಲ್ಲ. ಉಪಯೋಗಿಸಿದ ಪಾತ್ರೆ ಸಿಕ್ಕಾಗ ನಾನು ಕೇಳುವುದು ಒಂದೇ: ಇದರಲ್ಲಿ ಮೊದಲು ಏನಿತ್ತು? ಉತ್ತರ ಖಚಿತವಾಗಿ ಗೊತ್ತಿಲ್ಲದಿದ್ದರೆ ಪಾತ್ರೆ ಪುಕ್ಕಟೆ ಬಂದರೂ ಬೇಡ.

ಈಗ ಏನು ಕೊಳ್ಳಬೇಕು ಎಂಬುದಕ್ಕೆ ಬರೋಣ. ಎಲ್ಲರೂ ತಪ್ಪುವುದು ಇಲ್ಲೇ. ಒಂದೇ ಪಾತ್ರೆಯಲ್ಲಿ ಮೊದಲಿನಿಂದ ಕೊನೆಯತನಕ ಮುಗಿಸಲು ಹೋಗುತ್ತಾರೆ. ವಿನೆಗರ್ ಆಗುವುದು ಎರಡು ಹಂತದಲ್ಲಿ. ಮೊದಲು ಈಸ್ಟ್ ಸಕ್ಕರೆಯನ್ನು ಮದ್ಯಾರ್ಕವಾಗಿಸುತ್ತದೆ. ಆಮೇಲೆ ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆ ಮದ್ಯಾರ್ಕವನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಮೊದಲನೆಯ ಕೆಲಸಕ್ಕೆ ಗಾಳಿ ಬೇಡ, ಎರಡನೆಯದು ಗಾಳಿ ಇಲ್ಲದೆ ನಡೆಯುವುದೇ ಇಲ್ಲ. ಹಾಗಾಗಿ ಮೊದಲ ಹಂತಕ್ಕೆ ಸಣ್ಣ ಬಾಯಿಯ ಪಾತ್ರೆ, ಎರಡನೆಯದಕ್ಕೆ ಅಗಲ ಬಾಯಿಯದು. ಬಾಯಿ ಸರಿಯಿಲ್ಲದಿದ್ದರೆ ಎಂಟು ಸಾವಿರದ ಸ್ಟೀಲೂ ಕೆಲಸ ಕೆಡಿಸುತ್ತದೆ.

ಮೊದಲ ಹಂತಕ್ಕೆ ಹೊಸ ಎಚ್‌ಡಿಪಿಇ ಕ್ಯಾನ್ ತನ್ನಿ, 20 ಲೀಟರಿನದು. ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 2 ಎಂಬ ಅಂಕಿ ಇರಬೇಕು, ಜೊತೆಗೆ ಗ್ಲಾಸು ಮತ್ತು ಫೋರ್ಕಿನ ಗುರುತು ಅಥವಾ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕಿನ ಭಾರತೀಯ ಮಾನಕವಾದ ಐಎಸ್ 10146 ಎಂಬ ಮುದ್ರೆ ಇರಬೇಕು. ಬರೀ 2 ಇದ್ದರೆ ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಆಹಾರಕ್ಕೆ ಯೋಗ್ಯವೆಂದು ಹೇಳುವುದಿಲ್ಲ. ಮುಚ್ಚಳ ಬಿಚ್ಚಿ ಮೂಸಿ ನೋಡಿ, ವಾಸನೆ ಹೊಡೆಯುತ್ತಿದ್ದರೆ ಅಲ್ಲೇ ಬಿಡಿ.

20 ಲೀಟರ್ ಏಕೆಂದರೆ, 10 ಕಿಲೋ ಹಣ್ಣು ಕೈಯಲ್ಲಿ ಹಿಂಡಿದರೆ ಸುಮಾರು ಆರು-ಏಳು ಲೀಟರ್ ರಸ ಬರುತ್ತದೆ. ನಮ್ಮ ಬಿಸಿಲಿನ ಹಣ್ಣಿನಲ್ಲಿ ಸಕ್ಕರೆ ಶೇಕಡಾ 20 ದಾಟಿರುತ್ತದೆ. ಹಾಗೇ ಹುದುಗಿಸಿದರೆ ಮದ್ಯಾರ್ಕ ಹೆಚ್ಚಾಗಿ ಎರಡನೇ ಹಂತದ ಬ್ಯಾಕ್ಟೀರಿಯಾ ಕುಂಟುತ್ತದೆ. ಅದಕ್ಕೆ ರಸದಷ್ಟೇ ಕುದಿಸಿ ಆರಿಸಿದ ನೀರು ಬೆರೆಸಬೇಕು. ಅಲ್ಲಿಗೆ ಹದಿಮೂರು ಲೀಟರ್ ಆಯಿತು. ಮೇಲೆ ನೊರೆ ಏಳಲು ಕಾಲುಭಾಗವಾದರೂ ಖಾಲಿ ಇರಬೇಕು.

ಮುಚ್ಚಳ ಬಿಗಿದು ಕೂರಬೇಡಿ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 250 ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮೇಲೆ ಹೇಳಿದ ರಸದಿಂದ ಮುನ್ನೂರು ಲೀಟರಿಗೂ ಹೆಚ್ಚು ಅನಿಲ ಹೊರಬರಲೇಬೇಕು. ಬಿಗಿದ ಗಾಜಿನ ಜಾಡಿಯಾದರೆ ಸಿಡಿದು ಚೂರುಗಳು ಗೋಡೆಗೆ ನಾಟುತ್ತವೆ. ಮಕ್ಕಳಿರುವ ಮನೆಯಲ್ಲಿ ಮೊದಲ ಹಂತಕ್ಕೆ ಗಾಜು ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮುಚ್ಚಳಕ್ಕೆ ತೂತು ಕೊರೆದು, ಮೀನಿನ ತೊಟ್ಟಿಗೆ ಬಳಸುವ ಸಣ್ಣ ಪೈಪನ್ನು ಹೊಸದೇ ತಂದು ಬಿಗಿಯಾಗಿ ತೂರಿಸಿ. ಅದರ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರಲಿ. ಅನಿಲ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ಬಾಯಿಗೆ ಬಲೂನು ಕಟ್ಟುವ ವಿಡಿಯೋ ನೋಡಿ ಬಂದವರೇ, 20 ಲೀಟರ್ ಕ್ಯಾನಿಗೆ ಬಲೂನು ಸಾಲುವುದಿಲ್ಲ.

ಕ್ಯಾನನ್ನು ನೆಲಮಾಳಿಗೆಯಲ್ಲಾಗಲಿ ಕಾಳು ತುಂಬಿಡುತ್ತಿದ್ದ ನೆಲದಡಿಯ ಹಳೇ ಹಗೇವಿನಲ್ಲಾಗಲಿ ಇಡಬೇಡಿ. "ತಂಪಾಗಿರುತ್ತದೆ" ಎಂದು ಕೇಳಿದವರಿದ್ದಾರೆ, ಓದಿ ಮೈ ನಡುಗಿತು. ಹಗೇವಿಗೆ ಇಳಿಯುವ ಮೊದಲು ಹಿರಿಯರು ದೀಪ ಇಳಿಸಿ ನೋಡುತ್ತಿದ್ದುದು ತಗ್ಗಿನಲ್ಲಿ ತುಂಬಿ ಉಸಿರುಗಟ್ಟಿಸುವ ಈ ಅನಿಲಕ್ಕಾಗಿಯೇ. ಗಾಳಿಯಾಡುವ ಕೋಣೆಯಲ್ಲಿ ಇಡಿ. ಮಾರ್ಚ್ ಕಳೆದರೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, 35 ದಾಟಿದರೆ ಈಸ್ಟ್ ಸೋಲುತ್ತದೆ. ಕ್ಯಾನನ್ನು ನೀರು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ ಮೇಲೆ ಒದ್ದೆ ಗೋಣಿಚೀಲ ಸುತ್ತಿ. ಬೇರೆ ಉಪಕರಣ ಬೇಕಿಲ್ಲ.

ಗುಳ್ಳೆ ನಿಂತ ಮೇಲೆ ತಳದ ಗಸಿ ಬಿಟ್ಟು ತಿಳಿಯನ್ನು ಎರಡನೇ ಪಾತ್ರೆಗೆ ಇಳಿಸಿ. ಆ ಪಾತ್ರೆ ಹೊಸ ಚೀನಿ ಮಣ್ಣಿನ ಭರಣಿಯೋ ಅಗಲ ಬಾಯಿಯ ಗಾಜಿನ ಜಾಡಿಯೋ ಆಗಿರಲಿ. ಇಲ್ಲಿ ಒತ್ತಡವಿಲ್ಲ, ಗಾಜಿನ ಭಯವಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿಸಿ, ಕುದಿಸದ ಹಳೇ ವಿನೆಗರ್ ಒಂದಿಷ್ಟು ಬೆರೆಸಿ, ಹಳೇ ಪಂಚೆಯ ಬಟ್ಟೆ ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ. ಗುಂಗುರು ಒಳಗೆ ಹೋಗದಿದ್ದರೆ ಸಾಕು, ಗಾಳಿ ಹೋಗಲಿ. ಉಪ್ಪಿನಕಾಯಿ ಇಟ್ಟ ಹಳೇ ಭರಣಿ ಬೇಡ. ಅದರ ಎಣ್ಣೆ ಮೇಲೆ ತೇಲಿ ಗಾಳಿಗೆ ಅಡ್ಡ ಕೂರುತ್ತದೆ, ಉಪ್ಪೂ ಬಿಡುವುದಿಲ್ಲ. ಸಂತೆಯಲ್ಲಿ ಸಿಗುವ ಬಣ್ಣಬಣ್ಣದ ಹೊಳಪಿನ ಮಡಕೆಯನ್ನಂತೂ ಮುಟ್ಟಬೇಡಿ. ಆ ಹೊಳಪಿನಲ್ಲಿ ಸೀಸ ಇದ್ದರೆ ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಹೊಳಪಿಲ್ಲದ ಮಣ್ಣಿನ ಗಡಿಗೆ ನೀರಿಗೆ ಬಹಳ ಒಳ್ಳೆಯದು, ಇದಕ್ಕಲ್ಲ. ಜಿನುಗುತ್ತದೆ, ಒಳಗೆ ಇಂಗಿದ್ದನ್ನು ತೊಳೆಯಲಾಗುವುದಿಲ್ಲ.

ಸ್ಟೀಲೇ ಬೇಕು ಎನ್ನುವವರು 304 ಎಂದು ದರ್ಜೆಯ ಮುದ್ರೆ ಇರುವುದನ್ನು ಬಿಲ್ಲಿನಲ್ಲೂ ಬರೆಸಿ ತನ್ನಿ. ಆಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು ಎಂಬುದನ್ನು ಅಂಗಡಿಯವರೇ ಹಬ್ಬಿಸಿದ್ದಾರೆ. ನಿಕ್ಕಲ್ ಕಡಿಮೆ ಇರುವ 202 ದರ್ಜೆಯ ಸ್ಟೀಲನ್ನೂ ಆಯಸ್ಕಾಂತ ಹಿಡಿಯುವುದಿಲ್ಲ. ಅದರಲ್ಲಿ ವಿನೆಗರ್ ಇಟ್ಟು ತಿಂಗಳಾದ ಮೇಲೆ ಬೆಸುಗೆಯ ಗೆರೆಗುಂಟ, ಹಿಡಿಕೆಯ ರಿವೆಟ್ಟಿನ ಸುತ್ತ ಬೆರಳಾಡಿಸಿ, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಉಗುರಿಗೆ ತಾಗುತ್ತವೆ.

ಕ್ಯಾನು, ಪೈಪು, ಭರಣಿ ಸೇರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕ್ಯಾನಿನ ಒಳಗೆ ತಂತಿ ಬ್ರಷ್ ಹಾಕಿ ತಿಕ್ಕಬೇಡಿ. ಗೀರು ಬಿದ್ದಲ್ಲಿ ಕ್ರಿಮಿ ಮನೆ ಮಾಡುತ್ತವೆ. ಗೀರು ಬಿದ್ದ ಕ್ಯಾನು ನೀರು ತುಂಬಲು ಹೋಗಲಿ, ಹೊಸದು ತನ್ನಿ.

ಪ್ರಶ್ನೆ: ಮೊದಲ ಹಂತದಲ್ಲೇ ನಿಲ್ಲಿಸಿದರೆ ವೈನ್ ಆಯಿತಲ್ಲವೇ? ಬಾಟಲಿ ತುಂಬಿಸಿ ಇಡಬಹುದೇ? (ಅಥಣಿ)

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಮನೆಬಳಕೆಗಿಂತ ದೊಡ್ಡ ಪ್ರಮಾಣದಲ್ಲಿ ವಿನೆಗರ್ ಮಾಡುವವರೂ ಮೊದಲು ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಭಟ್ಟಿ ಇಳಿಸುವ ಬಗ್ಗೆ ಬರೆದವರಿಗೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ಭರಣಿಯಲ್ಲಿ ಮೇಲೆ ಪದರ ಕಟ್ಟಿದೆ. ಚೆಲ್ಲಬೇಕೇ? (ಇಳಕಲ್)

ಬೂದುಬಣ್ಣದ, ನಯವಾದ, ಒದ್ದೆ ಪದರವಾದರೆ ಅದೇ ವಿನೆಗರ್ ತಾಯಿ, ಅಂದರೆ ಹುಳಿಸುವ ಬ್ಯಾಕ್ಟೀರಿಯಾ ಕಟ್ಟಿದ ಪದರ, ಇರಲಿ. ಹಸಿರು, ಕಪ್ಪು, ಒಣ ರೋಮದಂತಿದ್ದರೆ ಬೂಷ್ಟು, ಪೂರ್ತಿ ಚೆಲ್ಲಿ.

ಪ್ರಶ್ನೆ: ಹಸಿ ಹಣ್ಣು ಮುಗಿದಿದೆ, ಒಣದ್ರಾಕ್ಷಿಯಿಂದ ಮಾಡಬಹುದೇ? (ಜಮಖಂಡಿ)

ಮಾಡಬಹುದು, ಗಂಧಕದ ಹೊಗೆ ಹಾಕಿದ ಹಳದಿ ಒಣದ್ರಾಕ್ಷಿ ಮಾತ್ರ ಬೇಡ. ಅದರಲ್ಲಿ ಈಸ್ಟ್ ಏಳುವುದೇ ಕಷ್ಟ.

ಪ್ರಶ್ನೆ: ನಮ್ಮ ಊರಿಗೆ ಬರುವ ಒಬ್ಬರು "ವಿಶೇಷ ಪಾತ್ರೆ"ಯಲ್ಲಿ ಹುಳಿಸಿದ ವಿನೆಗರ್ ಮಾರುತ್ತಾರೆ. ದಿನಾ ಬೆಳಿಗ್ಗೆ ಎರಡು ಚಮಚ ಹಾಗೇ ಕುಡಿದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದು ಎನ್ನುತ್ತಾರೆ. ನಮ್ಮ ತಂದೆ ಬಿಟ್ಟಿದ್ದಾರೆ. (ಮುಧೋಳ)

ಇವತ್ತೇ ತಂದೆಯವರನ್ನು ಅವರ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಈ ಅಂಕಣ ಓದಿ ಮುಗಿಸುವ ಮೊದಲೇ ಹೋದರೂ ಸಂತೋಷ. ಯಾವ ಪಾತ್ರೆಯಲ್ಲಿ ಹುಳಿಸಿದರೂ ವಿನೆಗರ್ ಮಧುಮೇಹದ ಮಾತ್ರೆಗೆ ಬದಲಿಯಲ್ಲ. ನೀರು ಬೆರೆಸದೆ ಕುಡಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ, ಅನ್ನನಾಳ ಸುಡುತ್ತದೆ. ಇಂಥವರು ಮಾರುವುದು ಎಷ್ಟೋ ಸಲ ಹುಳಿಸಿದ್ದೂ ಆಗಿರುವುದಿಲ್ಲ, ಅಸಿಟಿಕ್ ಆಮ್ಲಕ್ಕೆ ನೀರು, ಬಣ್ಣ ಬೆರೆಸಿದ್ದು. ಹುಳಿಸಿದ ವಿನೆಗರ್ ಎಂದು ಮಾರಬೇಕಾದರೆ ಅಸಿಟಿಕ್ ಆಮ್ಲ ಶೇಕಡಾ 3.75ಕ್ಕೆ ಕಡಿಮೆ ಇರಬಾರದು, ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಬೇಕು. ಆ ಬಾಟಲಿ ಚೆಲ್ಲಬೇಡಿ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಒಪ್ಪಿಸಿ ದೂರು ಕೊಡಿ, ಮಾರಿದವರು ಎಂದು ಬರುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನೂ ಬರೆದುಕೊಡಿ.